ಗಂಟುಮೂಟೆ

ಕೆಲವು ತಿಂಗಳ ಹಿಂದೆ ಒಂದು ಬೆಳಗ್ಗೆ ಹತ್ತು ವರ್ಷದ ನನ್ನ ಮೊಮ್ಮಗಳು ಪತ್ರಿಕೆಯ ಆಟದ ಪುಟವನ್ನು ಹಿಡಿದುಕೊಂಡು ಬಂದು ನನ್ನ ಎದುರು ಕುಳಿತಳು. ಯಾವುದೋ ಕ್ರಿಕೆಟ್ ಪಂದ್ಯಾವಳಿಯಲ್ಲಿ ಸೋತ ತಂಡವೊಂದು ‘ಗಂಟುಮೂಟೆ ಕಟ್ಟಿತು’ ಎಂದು ಅಲ್ಲಿ ದಪ್ಪಕ್ಷರದ ತಲೆಬರಹ.

“ಅಜ್ಜ, ಗಂಟುಮೂಟೆ ಅಂದರೆ ಏನು?”

“ಲಗೇಜು ಕಣಮ್ಮ. ಹಿಂದಿನ ಕಾಲದಲ್ಲಿ ಲಗೇಜಿಗೆ ಹಾಗೆ ಅನ್ನುತ್ತಿದ್ದರು.”

ಅವಳು ಒಂದು ಗಳಿಗೆ ಯೋಚಿಸಿ, “ಹಾಗಾದರೆ ಗೆದ್ದವರು ಲಗೇಜು ಕಟ್ಟಲಿಲ್ಲವಾ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಗೆದ್ದ ತಂಡವೂ ಅದೇ ಹೋಟೆಲಿನಲ್ಲಿ ಅದೇ ಬಗೆಯ ಪೆಟ್ಟಿಗೆಗಳಲ್ಲಿ ತನ್ನ ಬಟ್ಟೆಬರೆಗಳನ್ನು ತುಂಬಿಕೊಂಡೇ ಮುಂದಿನ ಊರಿಗೆ ಹೊರಟಿರಬೇಕು. ಆದರೆ ಯಾವ ಪತ್ರಿಕೆಯೂ ಗೆದ್ದವರು ಗಂಟುಮೂಟೆ ಕಟ್ಟಿದರೆಂದು ಬರೆಯುವುದಿಲ್ಲ. ಚುನಾವಣೆಯಲ್ಲಿ ಆರಿಸಿಬಂದು ರಾಜಧಾನಿಗೆ ಹೊರಟವನು ಗಂಟುಮೂಟೆ ಕಟ್ಟುವುದಿಲ್ಲ. ಸೋತು ಬಂಗಲೆ ಬಿಡುವವನು ಕಟ್ಟುತ್ತಾನೆ. ಹೊಸದಾಗಿ ತೆರೆದ ಕಾರ್ಖಾನೆಗೆ ಗಂಟುಮೂಟೆ ಇಲ್ಲ. ಬಾಗಿಲು ಹಾಕಿದ ಕಾರ್ಖಾನೆಗೆ ಉಂಟು. ಅಂದಮೇಲೆ ನಾನು ಮಗುವಿಗೆ ಹೇಳಿದ ಅರ್ಥ ನಿಘಂಟಿಗೆ ಸರಿಯಾದರೂ ಬಳಕೆಗೆ ಸರಿಯಲ್ಲ. ಒಂದು ಕಾಲಕ್ಕೆ ಪ್ರಯಾಣದ ಸಾಮಾನಿಗೆ ಹೆಸರಾಗಿದ್ದ ಮಾತು ಇಂದು ಆ ಸಾಮಾನನ್ನು ಕಳೆದುಕೊಂಡು, ಬಿಟ್ಟುಹೋಗುವುದು ಎಂಬ ಅರ್ಥವನ್ನಷ್ಟೇ ಉಳಿಸಿಕೊಂಡಿದೆ. ಇದು ಹೇಗೆ ಆಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿಚಾರಮಾಡಿ ನೋಡುವುದೇ ಈ ಲೇಖನದ ಉದ್ದೇಶ. ಇದರಲ್ಲಿ ನಮ್ಮ ಮನೆಯ ಒಂದು ಸಂಗತಿಯೂ ಬರುತ್ತದೆ; ವಾಚಕರು ಮನ್ನಿಸಬೇಕು.

ಗಂಟುಮೂಟೆ ಜೋಡುನುಡಿ. ದನಕರು, ಹೊಲಗದ್ದೆ, ಮನೆಮಠ, ಹಣ್ಣುಹಂಪಲು ಮೊದಲಾದುವುಗಳ ಜಾತಿಗೆ ಸೇರಿದ್ದು. ಇಂಥ ಜೋಡುನುಡಿಗಳಲ್ಲಿ ಎರಡು ಪದಗಳೂ ತಮ್ಮ ತಮ್ಮ ಗಡಿಯನ್ನು ಬಿಟ್ಟುಕೊಟ್ಟು, ‘ಆ ಬಗೆಯದೆಲ್ಲ’ ಎಂಬ ಒಂದು ದೊಡ್ಡ ಅರ್ಥವನ್ನು ಕೊಡುತ್ತವೆ. ದನಕರು ಎಂದರೆ ಹಟ್ಟಿಯಲ್ಲಿರುವುದೆಲ್ಲ. ಹೊಲಗದ್ದೆ ಎಂದರೆ ಇರುವ ಭೂಮಿಯೆಲ್ಲ. ಹಾಗೆಯೇ ಗಂಟುಮೂಟೆ ಎಂದರೆ ಒಂದು ಚೀಲವಲ್ಲ, ಎರಡು ಚೀಲವಲ್ಲ, ಹೊತ್ತುಕೊಂಡು ಹೋಗಬಹುದಾದುದೆಲ್ಲ. ಈ ‘ಎಲ್ಲ’ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಎರಡು ಪದಗಳಲ್ಲಿ ಗಂಟು ಬಹು ಸ್ವಾರಸ್ಯವಾದದ್ದು. ಮೊದಲು ಅದು ಹಗ್ಗದ ಅಥವಾ ಬಟ್ಟೆಯ ಕಟ್ಟು. ಒಂದು ಪಂಚೆಯನ್ನೋ ಹಳೆಯ ಸೀರೆಯನ್ನೋ ನೆಲದ ಮೇಲೆ ಹಾಸಿ, ನಡುವೆ ವಸ್ತುಗಳನ್ನಿಟ್ಟು, ಎದುರು ಬದುರಿನ ಮೂಲೆಗಳನ್ನು ಸೇರಿಸಿ ಬಿಗಿದರೆ ಅದೇ ಗಂಟು. ಕಟ್ಟಿಗೆ ಇದ್ದ ಹೆಸರು ಕಟ್ಟಿದ ವಸ್ತುವಿಗೂ ಬಂತು. ಆಮೇಲೆ ಕಟ್ಟಿಡುವುದು ಬೆಲೆಬಾಳುವುದನ್ನೇ ಆದ್ದರಿಂದ ಗಂಟು ಎಂದರೆ ಹಣ ಎಂದಾಯಿತು. ಒಟ್ಟಿಗೆ ಕೈಸೇರುವ ಮೊತ್ತವನ್ನು ಇಂದಿಗೂ ಇಡುಗಂಟು ಎನ್ನುತ್ತೇವೆ. ಜನರ ಹಣವನ್ನು ಲಪಟಾಯಿಸುವವನು ಗಂಟುಕಳ್ಳ. ಜಿಪುಣನನ್ನು ಕಂಡು, ‘ಕೊಟ್ಟರೆ ಇವನಪ್ಪನ ಮನೆಯ ಗಂಟು ಹೋಗುತ್ತದೆಯೆ?’ ಎಂದು ಕೇಳುವುದುಂಟು. ಬಿಡಿಸಲಾಗದ ಸಮಸ್ಯೆ ಕಗ್ಗಂಟು. ಬಿಡಿಸಬಾರದ ಸಂಬಂಧ ಬ್ರಹ್ಮಗಂಟು. ಸಿಟ್ಟು ಬಂದವನ ಹುಬ್ಬೂ ಗಂಟಿಕ್ಕುತ್ತದೆ. ಕಟ್ಟಿದ್ದು, ಕೂಡಿಟ್ಟದ್ದು, ಬಿಚ್ಚಲಾರದ್ದು ಎಂಬ ಮೂರು ಅರ್ಥಗಳೂ ಈ ಎರಡಕ್ಷರದಲ್ಲಿ ಅಡಗಿವೆ.

ಮೂಟೆ ಇದಕ್ಕೆ ಹೋಲಿಸಿದರೆ ಒರಟು ಜೀವಿ. ತಮಿಳರಿಗೆ ಅದು ಮೂಟ್ಟೈ, ತೆಲುಗರಿಗೆ ಮೂಟ. ದವಸ, ಹತ್ತಿ, ಬೆಲ್ಲ, ಸಿಮೆಂಟು ಎಲ್ಲವೂ ಮೂಟೆಯಲ್ಲೇ ಬರುತ್ತವೆ. ಹೊರಲು ಬೆನ್ನು ಬೇಕು. ಒಳಗೇನಿದೆ ಎಂಬ ಗುಟ್ಟಿಲ್ಲ. ಕರಾವಳಿಯವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಅಕ್ಕಿಮುಡಿ ಗೊತ್ತು: ಬೈಹುಲ್ಲಿನ ಹೊದಿಕೆಯಲ್ಲಿ ಅಕ್ಕಿಯನ್ನು ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಚೆಂಡಿನ ಆಕಾರಕ್ಕೆ ತರುವ ಕಲೆ ಅದು. ದಕ್ಷಿಣ ಕನ್ನಡದಲ್ಲಿ ಗದ್ದೆಯ ಗೇಣಿಯನ್ನೇ ಇಷ್ಟು ಮುಡಿ ಎಂದು ಎಣಿಸುತ್ತಿದ್ದರು. ಹೀಗೆ ಗಂಟು ಮನೆಯ ಒಳಗಿನದು, ಮೂಟೆ ಅಂಗಳದ್ದು. ಒಂದು ಹೆಂಗಸರ ಕೈಯ ಕೆಲಸ, ಇನ್ನೊಂದು ಗಂಡಸರ ಹೆಗಲಿನ ಕೆಲಸ. ಎರಡನ್ನೂ ಸೇರಿಸಿದಾಗ ಒಂದು ಸಂಸಾರ ಪೂರ್ತಿಯಾಯಿತು.

ಹಾಗಾದರೆ ಹಿಂದೆ ದಾರಿ ನಡೆಯುತ್ತಿದ್ದವರ ಹೊರೆಗೆಲ್ಲ ಇದೇ ಹೆಸರಿತ್ತೆ? ಇರಲಿಲ್ಲ. ವರ್ತಕನ ಹೊರೆಗೆ ಬೇರೆಯೇ ಮಾತಿತ್ತು, ಅದು ಹೇರು. ಗಾಡಿ ಹೋಗುವ ರಸ್ತೆಗಳು ಆಗುವುದಕ್ಕೆ ಮುಂಚೆ ನಮ್ಮ ನಾಡಿನ ವ್ಯಾಪಾರವೆಲ್ಲ ಎತ್ತು ಕತ್ತೆಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಹಳೆಯ ಶಾಸನಗಳಲ್ಲಿ ಸುಂಕದ ಲೆಕ್ಕ ಹೇರಿನ ಮೇಲೆ ನಡೆಯುತ್ತದೆ. ಎಲೆಯ ಹೇರಿಗೆ ಇಷ್ಟು ಎಲೆ ದೇವರಿಗೆ ಎಂದು ದತ್ತಿ ಬಿಟ್ಟ ಉದಾಹರಣೆಗಳುಂಟು. ಎತ್ತಿನ ಬೆನ್ನಿನ ಎರಡು ಪಕ್ಕಕ್ಕೂ ಸಮತೂಕವಾಗಿ ಇಳಿಬೀಳುವಂತೆ ನಡುವೆ ಬಾಯಿಯಿರುವ ಉದ್ದನೆಯ ಚೀಲವೇ ಹಸುಬೆ. ಅದರ ಹಳಗನ್ನಡ ರೂಪ ಪಸುಂಬೆ. ಅಯ್ಯಾವೊಳೆಯ ಐನೂರ್ವರೆಂಬ ಹೆಸರಾಂತ ವರ್ತಕ ಸಂಘದವರ ಶಾಸನಗಳಲ್ಲಿ ಈ ಚೀಲದ ಹೆಸರು ಬರುತ್ತದೆ. ಯೋಧನಿಗೆ ಕತ್ತಿಯಿದ್ದಂತೆ ವರ್ತಕನಿಗೆ ಹಸುಬೆ.

ಹೇರೆತ್ತುಗಳ ಕೊನೆಯ ದೊಡ್ಡ ಒಡೆಯರು ಲಂಬಾಣಿಗಳು. ಅವರ ಹೆಸರಿಗೆ ಲವಣವೇ, ಎಂದರೆ ಉಪ್ಪೇ ಮೂಲವೆಂದು ಹೇಳುವುದುಂಟು. ಕರಾವಳಿಯ ಉಪ್ಪು ಘಟ್ಟವನ್ನು ಏರಿದ್ದೂ ಮೇಲುಸೀಮೆಯ ದವಸ ಇಳಿದದ್ದೂ ಬಹಳ ಕಾಲ ಎತ್ತುಗಳ ಕಾಲಿನ ಬಲದಿಂದ. ರಾಜರ ದಂಡುಗಳೂ ಇವರ ಹಂಗಿನಲ್ಲಿದ್ದುವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದು, ಎಳೆಯುವ ಎತ್ತುಗಳಿಲ್ಲದೆ, ದಂಡಿಗೆ ಆಹಾರವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನ ಕಡೆಗೆ ಹಿಂದಿರುಗಬೇಕಾಯಿತು. ಇದನ್ನು ಬರೆಯುವಾಗ ಇಂದಿನ ಪತ್ರಕರ್ತನಾದರೆ, ‘ಕಾರ್ನ್‌ವಾಲಿಸ್ ಗಂಟುಮೂಟೆ ಕಟ್ಟಿದ’ ಎಂದು ತಲೆಬರಹ ಕೊಡುತ್ತಿದ್ದನೇನೋ! ನಿಜವಾಗಿ ಆತನ ಕಷ್ಟವೆಂದರೆ ಗಂಟುಮೂಟೆಯನ್ನು ಹೊರುವವರೇ ಇಲ್ಲದಿದ್ದದ್ದು. ಮರುವರ್ಷ ಆತ ಮತ್ತೆ ಬಂದದ್ದು ಲಂಬಾಣಿಗಳ ದವಸದ ಆಸರೆಯಿಂದಲೇ.

ಹೇರು ಲಾಭಕ್ಕಾಗಿ ಹೋಗುತ್ತದೆ, ಲಾಭ ತಂದು ಹಿಂದಕ್ಕೆ ಬರುತ್ತದೆ. ಅದಕ್ಕೆ ಸುಂಕವುಂಟು, ಲೆಕ್ಕವುಂಟು, ಶಾಸನವುಂಟು. ಗಂಟುಮೂಟೆಗೆ ಇವು ಯಾವುವೂ ಇಲ್ಲ. ಹೊತ್ತವರೇ ಅದಕ್ಕೆ ಸಾಕ್ಷಿ.

ಆದರೂ ಚೀಲವನ್ನು ಹೊತ್ತವರನ್ನು ಕನ್ನಡ ಮರೆತಿಲ್ಲ ಎಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಮೂರು ಹೆಸರುಗಳಿವೆ. ಹಡಪವೆಂದರೆ ಎಲೆಯಡಕೆಯ ಚೀಲ. ಬಸವಣ್ಣನವರ ಬಳಿ ಅದನ್ನು ಹಿಡಿದಿದ್ದ ಶರಣನೇ ಹಡಪದ ಅಪ್ಪಣ್ಣ. ಸಂಚಿಯೆಂದರೂ ಅಂಥದೇ ಚೀಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ವನ್ನು ಬರೆದವಳು ಸಂಚಿ ಹೊನ್ನಮ್ಮ. ಮೋಳಿಗೆಯೆಂದರೆ ಸೌದೆಯ ಹೊರೆ. ಕಾಶ್ಮೀರದ ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಾಡಿನ ಸೌದೆಯನ್ನು ಹೊತ್ತು ಮಾರಿ ಬದುಕಿದನೆಂದು ಪ್ರತೀತಿಯಿರುವವನು ಮೋಳಿಗೆಯ ಮಾರಯ್ಯ. ಅರಸನ ಹೆಸರನ್ನು ಜನ ಮರೆತರು. ತಲೆಯ ಮೇಲಿನ ಹೊರೆಯ ಹೆಸರನ್ನು ಉಳಿಸಿಕೊಂಡರು. ಈತ ಊರನ್ನು ಬಿಟ್ಟು ಮತ್ತೆ ಹೋಗದವನು ಎಂಬುದನ್ನು ಗಮನಿಸಬೇಕು.

ಇನ್ನು ಲಗೇಜಿನ ಮಾತು. ಅದು ನಮ್ಮಲ್ಲಿಗೆ ರೈಲಿನಲ್ಲಿ ಕುಳಿತು ಬಂತು. 1864ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ಬೆಂಗಳೂರಿಗೆ ರೈಲು ಬಂದಿತು. 1882ರ ವೇಳೆಗೆ ಮೈಸೂರನ್ನು ಮುಟ್ಟಿತು. ಇಂಗ್ಲಿಷಿನಲ್ಲಿ ಲಗ್ ಎಂದರೆ ಎಳೆ. ಎಳೆದುಕೊಂಡು ಹೋಗಬೇಕಾದದ್ದೇ ಲಗೇಜು. ನಮ್ಮವರು ಕಟ್ಟುವ ಕೆಲಸದಿಂದ ಹೆಸರಿಟ್ಟರು, ಅವರು ಎಳೆಯುವ ಕಷ್ಟದಿಂದ ಹೆಸರಿಟ್ಟರು. ಲಗೇಜು ಎಂಬ ಮಾತಿನ ಜೊತೆಗೆ ತಕ್ಕಡಿಯೂ ಬಂತು. ಅದುವರೆಗೆ ಹೊರಲಾಗುವಷ್ಟೇ ಮಿತಿಯಾಗಿತ್ತು. ಈಗ ಕಾಗದದ ಮೇಲೆ ಮಿತಿ ಬಂದಿತು. ಹಳೆಯ ಮೈಸೂರಿನ ಕಚ್ಚಾ ಮಣ ಸುಮಾರು 11 ಕಿಲೊ, ರೈಲಿನವರ ಪಕ್ಕಾ ಮಣ 37 ಕಿಲೊಗಿಂತ ಸ್ವಲ್ಪ ಹೆಚ್ಚು. ಮನೆಯಲ್ಲಿ ಮೂರು ಮಣ ತೂಗಿದ್ದು ನಿಲ್ದಾಣದಲ್ಲಿ ಒಂದು ಮಣವೂ ತೂಗದಿದ್ದುದನ್ನು ಕಂಡು ಹಳ್ಳಿಯವರು ಬೆರಗಾಗಿದ್ದಿರಬೇಕು. ಇಂದು ಎರಡನೆಯ ದರ್ಜೆಯಲ್ಲಿ 35 ಕಿಲೊ, ಮಲಗುವ ದರ್ಜೆಯಲ್ಲಿ 40 ಕಿಲೊ ಬಿಟ್ಟಿಯಾಗಿ ಒಯ್ಯಬಹುದೆಂದು ನಿಯಮ.

ರೈಲಿನ ಹಿಂದೆಯೇ ತಗಡಿನ ಟ್ರಂಕು ಬಂತು. ಹಾಸಿಗೆಯನ್ನು ಸುತ್ತಿ ಚರ್ಮದ ಪಟ್ಟಿಯಿಂದ ಬಿಗಿಯುವ ಹೋಲ್ಡಾಲು ಬಂತು. ಕುಡಿಯುವ ನೀರಿನ ಕೂಜ ಬಂತು. ಹೋಲ್ಡಾಲಿನಲ್ಲಿ ಹಾಸಿಗೆಯಷ್ಟೇ ಅಲ್ಲದೆ ಚಪ್ಪಲಿ, ಛತ್ರಿ, ಕೊನೆಯ ಗಳಿಗೆಯಲ್ಲಿ ನೆನಪಾದ ಉಪ್ಪಿನಕಾಯಿಯ ಭರಣಿ ಎಲ್ಲವೂ ಅಡಗುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಟ್ರಂಕಿಗೆ ಬೀಗವುಂಟು, ಬೀಗಕ್ಕೆ ಕೈಯುಂಟು, ಮೇಲೆ ಬಿಳಿಯ ಬಣ್ಣದಲ್ಲಿ ಒಡೆಯನ ಹೆಸರುಂಟು. ಗಂಟಿಗೆ ಇವು ಯಾವುವೂ ಇಲ್ಲ. ಆದ್ದರಿಂದ ಟ್ರಂಕು ಇದ್ದವನು ಪ್ರಯಾಣಿಕನೆನಿಸಿಕೊಂಡ, ಗಂಟು ಹೊತ್ತವನು ಹಳ್ಳಿಯವನೆನಿಸಿಕೊಂಡ. ಕ್ರಮೇಣ ನೌಕರಿಯವರ ಮನೆಗಳಲ್ಲಿ ಗಂಟುಮೂಟೆ ಎಂಬ ಮಾತನ್ನು ಆಡುವುದೇ ಸ್ವಲ್ಪ ನಗೆಪಾಟಲಿನ ಸಂಗತಿಯಾಯಿತು. ‘ಏನಿದು ಗಂಟುಮೂಟೆ!’ ಎಂದು ಹೆಂಡತಿಯನ್ನು ಹಂಗಿಸದ ಗಂಡಂದಿರು ಆ ಕಾಲದ ರೈಲ್ವೆ ನಿಲ್ದಾಣಗಳಲ್ಲಿ ವಿರಳ.

ಇಷ್ಟರಿಂದ ಮಾತು ಹಳೆಯದಾದದ್ದು ತಿಳಿಯಿತು. ಅದು ದುಃಖದ ಮಾತಾದದ್ದು ತಿಳಿಯಲಿಲ್ಲ. ಮಡಕೆ ಹೋಗಿ ಸ್ಟೀಲು ಬಂದರೂ ಮಡಕೆ ಎಂಬ ಮಾತಿಗೆ ಸೋಲಿನ ಅರ್ಥ ಬರಲಿಲ್ಲವಷ್ಟೆ. ಇದರ ಕಾರಣವನ್ನು ರೈಲ್ವೆ ನಿಲ್ದಾಣದ ಹೊರಗೆ ಹುಡುಕಬೇಕು.

ಮೇಲೆ ಹೇಳಿದ ಆ ‘ಎಲ್ಲ’ ಎಂಬುದನ್ನು ಈಗ ನೆನೆಯೋಣ. ಮದುವೆಗೆ ಹೋಗುವವನು ಎಲ್ಲವನ್ನೂ ಒಯ್ಯುವುದಿಲ್ಲ. ಯಾತ್ರೆಗೆ ಹೋಗುವವನು ಬುತ್ತಿಯನ್ನೂ ಎರಡು ಪಂಚೆಯನ್ನೂ ಒಯ್ಯುತ್ತಾನೆ. ಬಾಕಿಯದು ಮನೆಯಲ್ಲಿ ಅವನಿಗಾಗಿ ಕಾಯುತ್ತಿರುತ್ತದೆ. ಎಲ್ಲವನ್ನೂ ಕಟ್ಟುವವನು ಯಾರು? ಹಿಂದಕ್ಕೆ ಬರುವ ಮನೆ ಇಲ್ಲದವನು. ನಮ್ಮ ನಾಡಿನಲ್ಲಿ ಅಂಥವರ ಸಾಲುಗಳು ಒಮ್ಮೆಯಲ್ಲ, ಹಲವು ಸಲ ದಾರಿಗಿಳಿದಿವೆ.

ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರದಲ್ಲೂ ಮುಂದುವರಿದ 1876-78ರ ಬರಗಾಲ ಅವುಗಳಲ್ಲಿ ದೊಡ್ಡದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹಳ್ಳಿಹಳ್ಳಿಗಳೇ ಎದ್ದು ಗಂಜಿಯ ಕೇಂದ್ರಗಳ ಕಡೆಗೆ, ಕೂಲಿ ಸಿಕ್ಕುವ ಕಡೆಗೆ ನಡೆದುವು. ಬೆಂಗಳೂರು ಮೈಸೂರುಗಳ ನಡುವಿನ ರೈಲುದಾರಿಯ ಮಣ್ಣಿನ ಕೆಲಸದಲ್ಲಿ ಬರದ ಕೂಲಿಗಳ ಬೆವರೂ ಸೇರಿದೆ. ಲಗೇಜು ಹೋಗಬೇಕಾದ ದಾರಿಯನ್ನು ಗಂಟುಮೂಟೆಯವರು ಕಟ್ಟಿದರು ಎಂದರೆ ತಪ್ಪಾಗಲಾರದು.

ಇಪ್ಪತ್ತು ವರ್ಷ ಕಳೆಯುವುದರೊಳಗೆ ಪ್ಲೇಗು ಬಂತು. 1898ರಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಾಗ, ಇಲಿ ಬಿದ್ದ ಮನೆಯನ್ನು ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಪಾಡಾಯಿತು. ರೈಲ್ವೆ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದರು. ಬಟ್ಟೆಬರೆಯ ಗಂಟುಗಳನ್ನು ಬಿಚ್ಚಿಸಿ ಹಬೆಗೆ ಒಡ್ಡುತ್ತಿದ್ದರು. ಗಂಟಿನಲ್ಲಿ ಹಣವಿದೆಯೆಂದು ಕಳ್ಳ ನೋಡುತ್ತಿದ್ದ ಕಾಲ ಹೋಗಿ, ರೋಗವಿದೆಯೆಂದು ಅಧಿಕಾರಿ ನೋಡುವ ಕಾಲ ಬಂತು. ಇಂದು ನಾವು ಹಳೆಯ ಬಡಾವಣೆಗಳೆಂದು ಹೆಮ್ಮೆಪಡುವ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಳ್ಳುವುದಕ್ಕೆ ಈ ಹೊರಟುಬಂದವರೂ ಒಂದು ಕಾರಣ.

ಮೂರನೆಯ ಸಲದ್ದು ನಾನೇ ಕಂಡದ್ದು.

ನಮ್ಮ ಊರು ಶರಾವತಿಯ ದಂಡೆಯಲ್ಲಿತ್ತು. ಹೆಸರು ಹೇಳಿ ಪ್ರಯೋಜನವಿಲ್ಲ; ಈಗ ಅದು ಲಿಂಗನಮಕ್ಕಿಯ ನೀರಿನ ಕೆಳಗಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾವು ಹೊರಟದ್ದು ಅದಕ್ಕೆ ಎರಡು ವರ್ಷ ಮುಂಚೆ, ನನಗೆ ಎಂಟು ವರ್ಷವಾಗಿದ್ದಾಗ. ಒಂದೂವರೆ ಎಕರೆ ಅಡಕೆ ತೋಟ, ಸ್ವಲ್ಪ ಗದ್ದೆ, ಹಂಚಿನ ಮನೆ, ಕೊಟ್ಟಿಗೆ. ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ಅಪ್ಪಯ್ಯ ಹಂಚನ್ನು ಇಳಿಸಲು ತೊಡಗಿದರು. ಬಾಗಿಲು, ದಾರಂದ, ತೊಲೆ, ಪಕಾಸಿ ಎಲ್ಲವನ್ನೂ ಬಿಚ್ಚಿ ಗುರುತು ಹಾಕಿಟ್ಟರು. ಕೊನೆಯ ಹತ್ತು ದಿನ ನಾವು ಕೊಟ್ಟಿಗೆಯಲ್ಲೇ ಮಲಗಿದೆವು. ಮಕ್ಕಳಾದ ನಮಗೆ ಅದು ಹಬ್ಬದಂತಿತ್ತು ಎಂದು ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ.

ಲಾರಿ ಬಂದ ದಿನ ಪಕ್ಕದ ಮನೆಯವರೊಬ್ಬರು ಅಂಗಳಕ್ಕೆ ಬಂದು, “ಏನು ಅಮ್ಮಮ್ಮ, ಗಂಟುಮೂಟೆ ಕಟ್ಟಿ ಆಯ್ತಾ?” ಎಂದು ಕೇಳಿದರು. ಅವರದು ಕೆಟ್ಟ ಮನಸ್ಸೇನಲ್ಲ. ಮುಂದಿನ ವಾರ ಅವರೂ ಹೊರಡುವವರೇ. ಆದರೆ ಯಾರಿಗೂ ಎದುರಾಡದ ನಮ್ಮ ಅಮ್ಮಮ್ಮ ಅಂದು ಮುಖ ಗಂಟುಹಾಕಿಕೊಂಡು, “ಹಾಗನ್ನಬೇಡ. ಸಾಮಾನು ಕಟ್ಟಿ ಆಯ್ತಾ ಅನ್ನು” ಎಂದಳು.

ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಈ ಸಾಲಿಗೇ ಗಂಟುಮೂಟೆಯೂ ಸೇರಿತ್ತೆಂಬುದನ್ನು ಎಲ್ಲೂ ಓದದ ಅಮ್ಮಮ್ಮ ತಿಳಿದಿದ್ದಳು. ಸಾಮಾನು ಪಾರ್ಸಿಯಿಂದ ಬಂದ ಮಾತು. ಸರಂಜಾಮು ಎಂಬುದೂ ಅಲ್ಲಿಯದೇ. ಅವು ದಫ್ತರದ, ದಂಡಿನ, ಸವಾರಿಯ ಮಾತುಗಳು. ಅವುಗಳಲ್ಲಿ ಹೋಗಿ ಬರುವ ಧೈರ್ಯವಿದೆ. ಅಚ್ಚಗನ್ನಡದ ಮಾತಿನಲ್ಲಿ ಬರದ, ರೋಗದ, ನೆರೆಯ ನೆನಪುಗಳು ಕೂಡಿಕೊಂಡಿದ್ದುವು. ಗಂಟು ಎಂದರೆ ಬಿಚ್ಚಲಾರದ್ದು ಎಂದು ಮೇಲೆ ಹೇಳಿದೆನಲ್ಲ.

ಶಿವಮೊಗ್ಗದ ಸಮೀಪದಲ್ಲಿ ಕಾಡು ಕಡಿದು ಸಮಮಾಡಿದ ಜಾಗದಲ್ಲಿ ನಾವು ಇಳಿದೆವು. ತೊಲೆ ಪಕಾಸಿಗಳು ಮತ್ತೆ ಮನೆಯಾದುವು, ಅಳತೆಯಲ್ಲಿ ಸ್ವಲ್ಪ ಚಿಕ್ಕದಾಗಿ. ಟ್ರಂಕುಗಳು ಬಿಚ್ಚಿಕೊಂಡುವು. ಅಮ್ಮಮ್ಮನ ಹಳೆಯ ಕೆಂಪು ಸೀರೆಯ ಗಂಟೊಂದು ಮಾತ್ರ ಬಿಚ್ಚದೆ ಅಟ್ಟದ ಮೇಲೆ ಉಳಿಯಿತು. ಅಮ್ಮ ಒಂದೆರಡು ಸಲ, “ಅತ್ತೆ, ಅದರಲ್ಲೇನಿದೆ? ಇಲಿ ಹೊಡೆದೀತು, ಬಿಚ್ಚಿಡಲಾ?” ಎಂದು ಕೇಳಿದ್ದುಂಟು. “ಇರಲಿ, ಮಳೆಗಾಲ ಬರಲಿ” ಎನ್ನುತ್ತಿದ್ದಳು. ಮಳೆಗಾಲಗಳು ಬಂದುವು. ಆ ಮಳೆಯೇ ಅತ್ತ ನಮ್ಮ ಊರಿನ ಮೇಲೆ ನೀರನ್ನು 1819 ಅಡಿಯ ಗುರುತಿನವರೆಗೆ ಏರಿಸುತ್ತಿತ್ತು.

1971ರಲ್ಲಿ ಅಮ್ಮಮ್ಮ ತೀರಿಕೊಂಡಳು. ಹದಿಮೂರು ದಿನ ಕಳೆದ ಮೇಲೆ ಅಮ್ಮ ಆ ಗಂಟನ್ನು ಇಳಿಸಿ ಬಿಚ್ಚಿದಳು. ಒಳಗೆ ಚಿನ್ನವಿರಲಿಲ್ಲ, ಹಣವಿರಲಿಲ್ಲ. ಅಂಗೈಯಗಲದ ಚಿಂದಿಗಳಲ್ಲಿ ಕಟ್ಟಿದ ಹದಿನೈದು ಇಪ್ಪತ್ತು ಪುಟ್ಟ ಗಂಟುಗಳಿದ್ದುವು. ಮೊಗೆಕಾಯಿ, ಹೀರೆ, ಬೆಂಡೆ, ಹಾಗಲ, ಕುಂಬಳ, ಹರಿವೆ, ಎಲ್ಲ ಹಿತ್ತಿಲಿನ ಬೀಜಗಳು. ಹುಳು ಬೀಳದಂತೆ ಬೂದಿಯಲ್ಲಿ ಹೊರಳಿಸಿ ಕಟ್ಟಿದ್ದು. ಹೊಸ ಜಾಗದ ಬಾವಿಯಲ್ಲಿ ಬೇಸಿಗೆಗೆ ನೀರಿರಲಿಲ್ಲ; ಮಳೆಗಾಲದಲ್ಲಿ ಬಿತ್ತಬಹುದಾಗಿತ್ತು. ಅವಳು ಯಾಕೆ ಬಿತ್ತಲಿಲ್ಲವೋ ಅವಳನ್ನು ಕೇಳುವ ಹಾಗಿರಲಿಲ್ಲ. ಅಮ್ಮ ಅವನ್ನು ಒಂದು ಪಾತಿಗೆ ಹಾಕಿ ನೋಡಿದಳು. ಒಂಬತ್ತು ವರ್ಷದ ಬೀಜ, ಒಂದೂ ಮೊಳೆಯಲಿಲ್ಲ.

ಶರಾವತಿಯ ನೀರಿನಿಂದ ನಾಡಿಗೆ ಬೆಳಕು ಬಂತು. ಬೆಂಗಳೂರಿನಲ್ಲಿ ಕುಳಿತು ಆ ಬೆಳಕಿನಲ್ಲೇ ಓದಿ ನಾನು ಉದ್ಯೋಗಸ್ಥನಾದೆ. ಈ ಲೇಖನವನ್ನು ಬರೆಯುವಾಗಲೂ ಮೇಲೆ ದೀಪ ಉರಿಯುತ್ತಿದೆ. ಆದ್ದರಿಂದ ಕಟ್ಟಬಾರದಿತ್ತು ಎಂದು ಹೇಳುವ ನಾಲಿಗೆ ನನಗಿಲ್ಲ. ಆದರೆ ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ, ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟು ಹೊರಗೆ ಕಾಣಿಸಿಕೊಂಡಾಗ, ಅದನ್ನು ನೋಡಲು ಜನ ಕಾರುಗಳಲ್ಲಿ ಹೋಗುತ್ತಾರೆ. ನಾನು ಹೋಗಿಲ್ಲ.

ಇಂದು ಗಂಟು ಹೊತ್ತವರನ್ನು ಕಾಣಬೇಕೆಂದರೆ ಎಲ್ಲಿ ಹೋಗಬೇಕು? ಡಿಸೆಂಬರ್ ಜನವರಿಯಲ್ಲಿ ನಮ್ಮ ರೈಲ್ವೆ ನಿಲ್ದಾಣಗಳಿಗೆ ಹೋದರೆ ಸಾಕು. ಶಬರಿಮಲೆಗೆ ಹೊರಟವರ ತಲೆಯ ಮೇಲೆ ಇರುಮುಡಿ ಇರುತ್ತದೆ. ಎರಡು ಭಾಗದ ಗಂಟು. ಒಂದರಲ್ಲಿ ದೇವರಿಗೆ, ಇನ್ನೊಂದರಲ್ಲಿ ತನಗೆ. ಚಕ್ರದ ಪೆಟ್ಟಿಗೆಯನ್ನು ಎಳೆಯುವ ಇಂಜಿನಿಯರನೂ ಅಂದು ಗಂಟನ್ನು ತಲೆಯ ಮೇಲೆಯೇ ಹೊರುತ್ತಾನೆ. ಇನ್ನೊಂದು ಕಡೆ, ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದಿಳಿಯುವ ಸಂಸಾರಗಳು. ಸಿಮೆಂಟಿನ ಖಾಲಿ ಚೀಲದಲ್ಲಿ ಪಾತ್ರೆ, ಸೀರೆಯಲ್ಲಿ ಬಟ್ಟೆ, ಅದರ ಮೇಲೆ ಮಗು. 2020ರ ಮಾರ್ಚಿಯಲ್ಲಿ ಊರೆಲ್ಲ ಬಾಗಿಲು ಮುಚ್ಚಿದಾಗ ಇಂಥವರೇ ಅದೇ ಗಂಟುಮೂಟೆಯನ್ನು ಹೊತ್ತು ಹೆದ್ದಾರಿಯಲ್ಲಿ ಊರಿನ ಕಡೆಗೆ ನಡೆದುದನ್ನು ನಾವೆಲ್ಲ ಕಂಡೆವು. ಮಾತು ಹಳೆಯದಾಯಿತೆಂದು ನಾವು ತಿಳಿದಿದ್ದರೆ, ಅದು ನಮ್ಮ ಮನೆಯಿಂದ ಹೊರಟುಹೋಗಿದೆಯೆಂದಷ್ಟೇ ಅರ್ಥ.

2019ರಲ್ಲಿ ರೂಪಾ ರಾವ್ ಅವರು ಹೈಸ್ಕೂಲು ಹುಡುಗಿಯೊಬ್ಬಳ ಮೊದಲ ಪ್ರೇಮದ ಕತೆಯನ್ನು ಚಲನಚಿತ್ರವಾಗಿಸಿ, ಅದಕ್ಕೆ ‘ಗಂಟುಮೂಟೆ’ ಎಂದು ಹೆಸರಿಟ್ಟರು. ಮನಸ್ಸು ಹೊತ್ತುಕೊಂಡು ತಿರುಗುವ ನೆನಪುಗಳ ಹೊರೆ ಎಂದು ಅಲ್ಲಿ ಅರ್ಥ. ಹೊಸ ಕಾಲದವರು ಮಾತಿಗೆ ಹೊಸ ಜೀವ ಕೊಟ್ಟರೆಂದು ನನಗೆ ಸಂತೋಷವಾಯಿತು. ಅಟ್ಟದ ಮೇಲಿನ ಕೆಂಪು ಸೀರೆಯ ಗಂಟನ್ನು ಕಂಡವನಿಗೆ ಆ ಅರ್ಥ ಪೂರ್ತಿ ಹೊಸದಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆನೆ? ಅಷ್ಟಿಷ್ಟು ಹೇಳಿದೆ. ಬೀಜದ ಕತೆಯನ್ನು ಎರಡು ಸಲ ಹೇಳಿಸಿಕೊಂಡಳು. ಹೋದ ವಾರ ಅವಳ ಶಾಲೆಯವರು ಮಕ್ಕಳನ್ನು ಎರಡು ದಿನದ ಪ್ರವಾಸಕ್ಕೆ ಕರೆದೊಯ್ದರು. ಹಿಂದಿನ ರಾತ್ರಿ ತನ್ನ ಹೊಸ ಚೀಲವನ್ನು ನನ್ನ ಮುಂದೆ ತಂದಿಟ್ಟು, ಕಲಿತ ಮಾತನ್ನು ಪ್ರಯೋಗಿಸುವ ಹುರುಪಿನಿಂದ, “ಅಜ್ಜ, ನನ್ನ ಗಂಟುಮೂಟೆ ಕಟ್ಟಿ ಆಯ್ತು!” ಎಂದಳು.

“ಹಾಗನ್ನಬೇಡ ಪುಟ್ಟಿ. ಸಾಮಾನು ಕಟ್ಟಿ ಆಯ್ತು ಅನ್ನು” ಎಂದೆ.